ಕಟ್ಟುಹಾವಿನಿಂದ ಕಟಕಟೆಯವರೆಗೆ

ನಮ್ಮ ದೇಶದ ನ್ಯಾಯಾಲಯಗಳಿಗೆ ಡಿಎನ್‌ಎ ಬೆರಳಚ್ಚು ಬಂದದ್ದು ಹಾವಿನ ಹಾದಿಯಲ್ಲಿ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ರೈತ ಮನೆತನದಲ್ಲಿ ಹುಟ್ಟಿದ ಲಾಲ್‌ಜಿ ಸಿಂಗ್, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಾವುಗಳ ಲಿಂಗ ನಿರ್ಧರಿಸುವ ವರ್ಣತಂತುಗಳ ಬೆನ್ನು ಹತ್ತಿದ್ದರು. ಮುಂದೆ ಎಡಿನ್‌ಬರೋದಲ್ಲಿ ಪಟ್ಟೆಪಟ್ಟೆಯ ಹೆಣ್ಣು ಕಟ್ಟುಹಾವಿನಿಂದ, ಒಂದೇ ಅಕ್ಷರಮಾಲೆ ಮತ್ತೆ ಮತ್ತೆ ಬರುವ ಡಿಎನ್‌ಎ ತುಣುಕೊಂದನ್ನು ಬೇರ್ಪಡಿಸಿದರು. ಅಂಥ ಪುನರಾವರ್ತನೆ ಮನುಷ್ಯರಲ್ಲೂ ಇದೆ; ಎಷ್ಟು ಸಲ ಎಂಬುದು ಮಾತ್ರ ಒಬ್ಬರಿಂದೊಬ್ಬರಿಗೆ ಬದಲು. 1980ರ ದಶಕದ ಕೊನೆಯಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ಅವರು ಆ ಹಾವಿನ ತುಣುಕನ್ನೇ ಶೋಧಕವಾಗಿಸಿ ಮನುಷ್ಯರನ್ನು ಗುರುತಿಸಿದರು. ಕೇರಳದ ತಲಶ್ಶೇರಿಯಲ್ಲಿ ಮಗುವೊಂದರ ತಂದೆ ಯಾರೆಂಬ ವ್ಯಾಜ್ಯ ಆ ವಿಧಾನದಿಂದ ಬಗೆಹರಿಯಿತು. ಇದೇ ಕೆಲಸಕ್ಕೆಂದು ಹೈದರಾಬಾದಿನಲ್ಲಿ ಸಿಡಿಎಫ್‌ಡಿ ಎಂಬ ಪ್ರತ್ಯೇಕ ಕೇಂದ್ರವೂ ಎದ್ದಿತು.

ಈ ವಿದ್ಯೆಯ ಜೀವಾಳ ಒಂದು ಅಂಗೈಯಗಲದ ಜೆಲ್. ಕಡಲಪಾಚಿಯಿಂದ ತೆಗೆದ ಅಗರೋಸ್ ಪುಡಿ ಒಂದು ಗ್ರಾಂ, ನೂರು ಮಿಲಿಲೀಟರ್ ಬಫರ್ ದ್ರಾವಣ. ಕಾಯಿಸಿ, ತಟ್ಟೆಗೆ ಸುರಿದು, ಹಲ್ಲುಗಳಿರುವ ಬಾಚಣಿಗೆಯೊಂದನ್ನು ನಿಲ್ಲಿಸಿ ಆರಲು ಬಿಡುತ್ತಾರೆ. ಬಾಚಣಿಗೆ ತೆಗೆದರೆ ಸಾಲಾಗಿ ಪುಟ್ಟ ಗುಂಡಿಗಳು. ಕಿಣ್ವಗಳಿಂದ ತುಂಡರಿಸಿದ ಡಿಎನ್‌ಎಯನ್ನು ನೀಲಿ ಬಣ್ಣದೊಂದಿಗೆ ಬೆರೆಸಿ, ಕೈ ನಡುಗದಂತೆ ಒಂದೊಂದು ಗುಂಡಿಗೂ ಇಳಿಸಬೇಕು. ಡಿಎನ್‌ಎಗೆ ಋಣ ವಿದ್ಯುದಂಶವಿದೆ. ಕರೆಂಟು ಹರಿಸಿದೊಡನೆ ಅದು ಧನ ತುದಿಯತ್ತ ಹೊರಡುತ್ತದೆ. ದಟ್ಟ ಬೇಲಿಯಲ್ಲಿ ಇಲಿ ಸಲೀಸಾಗಿ ನುಸುಳಿ ನಾಯಿ ಸಿಕ್ಕಿಕೊಳ್ಳುವ ಹಾಗೆ, ಚಿಕ್ಕ ತುಣುಕುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಹೀಗೆ ಉದ್ದಕ್ಕೆ ತಕ್ಕಂತೆ ಸಾಲುಗಟ್ಟಿದ ತುಣುಕುಗಳನ್ನು ಪೊರೆಯೊಂದಕ್ಕೆ ವರ್ಗಾಯಿಸಿ, ವಿಕಿರಣಶೀಲ ಶೋಧಕ ಅಂಟಿಸಿ, ಎಕ್ಸ್‌ರೇ ಫಿಲ್ಮಿನ ಮೇಲೆ ಪಟ್ಟಿಗಳನ್ನು ಮೂಡಿಸುತ್ತಿದ್ದರು. ಮಗುವಿನ ಪ್ರತಿ ಪಟ್ಟಿಯೂ ತಾಯಿಯದರಲ್ಲಿ ಇಲ್ಲವೇ ತಂದೆಯದರಲ್ಲಿ ಕಾಣಲೇಬೇಕು.

ಈಗ ಪಿಸಿಆರ್ ಯಂತ್ರ ಕೂದಲಬುಡದ ಕೆಲವೇ ಕೋಶಗಳಿಂದಲೂ ಸಾಕಷ್ಟು ಪ್ರತಿಗಳನ್ನು ತೆಗೆಯುತ್ತದೆ. ಜೆಲ್ ತಟ್ಟೆಯ ಜಾಗಕ್ಕೆ ಕೂದಲೆಳೆಯಂಥ ಕೊಳವೆ ಬಂದಿದೆ. ತತ್ವ ಮಾತ್ರ ಅದೇ.

ಪಟ್ಟಿಗಳು ತಾಳೆಯಾಗದಿದ್ದರೆ, ಮಾದರಿಗಳು ಅದಲುಬದಲಾಗಿಲ್ಲವೆಂದಾದಲ್ಲಿ, ಆ ಎರಡು ಮಾದರಿಗಳು ಒಬ್ಬರವಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ತಾಳೆಯಾದರೆ ಬರುವುದು ಸಂಭವನೀಯತೆಯ ಲೆಕ್ಕ. ಎಷ್ಟೇ ಬಲವಾಗಿದ್ದರೂ ಅದು ಲೆಕ್ಕವೇ. ಏಕರೂಪಿ ಅವಳಿಗಳನ್ನು ಈ ಪರೀಕ್ಷೆ ಬೇರ್ಪಡಿಸದು. ರಕ್ತದ ಕಲೆ ಯಾರದೆಂದು ಅದು ಹೇಳೀತು, ಹೇಗೆ ಬಿತ್ತೆಂದು ಹೇಳದು. ಈ ವಿದ್ಯೆಯ ಮೇಲೆ ನನಗೆ ಗೌರವ ಹುಟ್ಟಿಸಿದ್ದು ಅಪರಾಧಿ ಸಿಕ್ಕಿಬಿದ್ದ ಕಥೆಯಲ್ಲ, ನಿರಪರಾಧಿ ಹೊರಬಂದ ಕಥೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಈ ವಿಧಾನವನ್ನು ಕಂಡುಹಿಡಿದಿದ್ದರು. ಅಲ್ಲೇ ಹತ್ತಿರದ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ತಾನೇ ಮಾಡಿದ್ದೆಂದು ಪೊಲೀಸರೆದುರು ಒಪ್ಪಿಕೊಂಡಿದ್ದ. ಜೆಫ್ರಿಸ್ ಅವರ ಪರೀಕ್ಷೆ ಹೇಳಿದ್ದು ಬೇರೆ: ಎರಡೂ ಕೃತ್ಯ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗನಲ್ಲ. ನಿಜವಾದ ಕೊಲೆಗಾರನಿಗೆ 1988ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಪ್ರಯೋಗಾಲಯ ಎಷ್ಟೇ ನುರಿತದ್ದಾದರೂ ಕೆಟ್ಟ ಮಾದರಿಯಿಂದ ಸತ್ಯ ಹೊರಡದು. ತೇವದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎ ಹಾಳಾಗುತ್ತದೆ. ನಿಮ್ಮ ಸುತ್ತಮುತ್ತ ಯಾರ ಮೇಲಾದರೂ ಲೈಂಗಿಕ ದೌರ್ಜನ್ಯ ನಡೆದರೆ, ಬಟ್ಟೆ ಒಗೆಯದೆ, ಕಾಗದದ ಚೀಲದಲ್ಲಿಟ್ಟು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿಯಿರಲಿ, ಖಾಸಗಿಯಿರಲಿ, ಸಂತ್ರಸ್ತರಿಗೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನು ಹೇಳುತ್ತದೆ.