‘ಜಿಲ್ ದ ಲಾ ತುರೆತ್’: ಒಂದು ಫ್ರೆಂಚ್ ಕುಟುಂಬನಾಮದ ನಿಷ್ಪತ್ತಿ ಮತ್ತು ವೈದ್ಯಕೀಯ ಬಳಕೆ

ವ್ಯಕ್ತಿಯ ಹೆಸರು ರೋಗದ ಹೆಸರಾದಾಗ ಅದರ ಆಂತರಿಕ ರಚನೆ ಉಳಿಯುತ್ತದೆಯೇ? ‘ಟುರೆಟ್ ಸಿಂಡ್ರೋಮ್’ ಎಂಬ ಪದವನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ.

ಫ್ರೆಂಚ್ ನರವೈದ್ಯ ಜಾರ್ಜ್ ಜಿಲ್ ದ ಲಾ ತುರೆತ್ (1857–1904) ಅನೈಚ್ಛಿಕ ಚಲನೆ ಹಾಗೂ ಧ್ವನಿಗಳಿಂದ ಬಳಲುತ್ತಿದ್ದ ಒಂಬತ್ತು ರೋಗಿಗಳನ್ನು 1885ರಲ್ಲಿ ವಿವರಿಸಿದರು. ಅವರ ಗುರು ಶಾರ್ಕೋ ಆ ರೋಗಕ್ಕೆ ಶಿಷ್ಯನ ಹೆಸರನ್ನೇ ಇತ್ತರು. ಈ ಹೆಸರಿನಲ್ಲಿ ‘ಜಾರ್ಜ್’ ಎಂಬುದು ಅಂಕಿತನಾಮ. ‘ಜಿಲ್’ ಕುಟುಂಬನಾಮದ ಮೊದಲ ಘಟಕ. ಅದರ ಮೂಲ ಒಬ್ಬ ಕ್ರೈಸ್ತ ಸಂತನ ಲ್ಯಾಟಿನ್ ಹೆಸರಾದ ‘ಎಗಿದಿಯುಸ್’. ಉಳಿದ ಭಾಗ ಸ್ಥಳಸೂಚಕ: ‘ದ’ ಸಂಬಂಧವನ್ನೂ ‘ಲಾ’ ಸ್ತ್ರೀಲಿಂಗದ ನಿರ್ದಿಷ್ಟತೆಯನ್ನೂ ಸೂಚಿಸುತ್ತವೆ. ‘ತುರೆತ್’ ಎಂಬುದು ಗೋಪುರವಾಚಿಯಾದ ‘ತೂರ್’ (ಲ್ಯಾಟಿನ್ ‘ತುರ್ರಿಸ್’) ಪದಕ್ಕೆ ಅಲ್ಪಾರ್ಥಕ ‘-ಎತ್’ ಪ್ರತ್ಯಯ ಸೇರಿ ಆದುದು; ಅರ್ಥ ‘ಕಿರುಗೋಪುರ’. ಹೀಗೆ ನಿಷ್ಪತ್ತಿಯಲ್ಲಿ ರೋಗದ ಸುಳಿವೇ ಇಲ್ಲ. ವೈದ್ಯಕೀಯ ಅರ್ಥ 19ನೆಯ ಶತಮಾನದ ಚರಿತ್ರೆಯಿಂದ ಬಂದುದು.

ಪಾರಿಭಾಷಿಕ ಬಳಕೆಯಲ್ಲಿ ಈ ಹೆಸರಿಗೆ ಮೂರು ರೂಪಗಳಿವೆ. ಫ್ರೆಂಚ್ ಭಾಷೆ ‘ಜಿಲ್ ದ ಲಾ ತುರೆತ್’ ಎಂಬ ಪೂರ್ಣರೂಪವನ್ನು ಉಳಿಸಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 10ನೆಯ ಪರಿಷ್ಕರಣೆಯಲ್ಲಿ ‘ದ ಲಾ ತುರೆತ್’ ಮಾತ್ರ ಇದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಉಳಿದಿರುವುದು ಕೊನೆಯ ಪದವಷ್ಟೇ. ‘ಜಿಲ್’ ಫ್ರಾನ್ಸಿನಲ್ಲಿ ಅಂಕಿತನಾಮವಾಗಿಯೂ ಬಳಕೆಯಲ್ಲಿರುವುದರಿಂದ ಅದನ್ನು ಅಂಕಿತವೆಂದು ಭಾವಿಸಿ ಬಿಡುವುದು ಸುಲಭ. ಈ ಸಂಕ್ಷೇಪವನ್ನು ನಾವು ಪದದ ಪುನರ್ವಿಭಜನೆ ಎಂದು ಪರಿಗಣಿಸುತ್ತೇವೆ.

ಕನ್ನಡದ ರೂಪ ಇಂಗ್ಲಿಷಿನ ಮೂಲಕ ಬಂದುದೆಂಬುದಕ್ಕೆ ಅದರ ಧ್ವನಿಯೇ ಸಾಕ್ಷಿ. ಫ್ರೆಂಚಿನ ಈ ವ್ಯಂಜನ ದಂತ್ಯ. ಕನ್ನಡದ ‘ತ’ಕಾರಕ್ಕೆ ಹತ್ತಿರವಾದುದು. ಇಂಗ್ಲಿಷಿನ ವರ್ತ್ಸ್ಯ ವ್ಯಂಜನವನ್ನು ಕನ್ನಡ ಮೂರ್ಧನ್ಯವಾಗಿ ಸ್ವೀಕರಿಸುವುದರಿಂದ ‘ಟುರೆಟ್’ ಎಂದಾಗಿದೆ. ‘ಟುರೆಟ್ಸ್’ ಎಂದು ಬರೆದರೆ ಇಂಗ್ಲಿಷಿನ ಷಷ್ಠೀ ಪ್ರತ್ಯಯವೂ ಪ್ರಕೃತಿಯೊಳಗೆ ಸೇರುತ್ತದೆ. ‘ಪಾರ್ಕಿನ್ಸನ್ಸ್ ಕಾಯಿಲೆ’ಯಲ್ಲಿ ಆಗಿರುವುದೂ ಇದೇ. ಅದಕ್ಕೆ ಕನ್ನಡದ ‘-ನ’ ಸೇರಿದರೆ ಷಷ್ಠಿ ಇಮ್ಮಡಿಯಾಗುತ್ತದೆ.

ರೂಢಿಯಾದ ‘ಟ’ಕಾರವನ್ನು ಬದಲಿಸಬೇಕೆಂಬುದು ನಮ್ಮ ವಾದವಲ್ಲ. ಆದರೆ ಪಾರಿಭಾಷಿಕ ಕೋಶಗಳು ಸಕಾರವಿಲ್ಲದ ‘ಟುರೆಟ್’ ರೂಪವನ್ನು ಮುಖ್ಯ ನಮೂದಾಗಿಸಿ, ಪೂರ್ಣ ಕುಟುಂಬನಾಮವನ್ನು ‘ಜ’ಕಾರದ ಅಡಿಯಲ್ಲಿಯೂ ಕೊಡಬೇಕು. ಇಲ್ಲವಾದರೆ ಇಂಗ್ಲಿಷಿನ ವಿಭಜನೆಯೇ ಮೂಲರೂಪವೆಂದು ಕನ್ನಡದಲ್ಲಿ ನೆಲೆಗೊಳ್ಳುತ್ತದೆ. ಫ್ರೆಂಚ್ ಆಕರಗಳಲ್ಲಿ ಆ ವೈದ್ಯನನ್ನು ಅರಸುವ ಸಂಶೋಧಕನು ತಪ್ಪು ಅಕ್ಷರದಡಿ ಹುಡುಕಬೇಕಾಗುತ್ತದೆ.