ಕಂಚಿನ ಪ್ರತಿಮೆ ಅಂದರೆ ಪೂರ್ತಿ ಕಂಚಾ?

ಮಂಗಳೂರು: ಕಾರ್ಕಳ ಬೈಲೂರಿನ ಪರಶುರಾಮ ಪ್ರತಿಮೆ ಕಂಚೋ ಫೈಬರೋ ಎಂಬ ವಿವಾದ ಎದ್ದ ಮೇಲೆ ಈ ಪ್ರಶ್ನೆ ಅಂಗಡಿ ಜಗಲಿಗೂ ಬಂದಿದೆ.

ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹ ಸುಮಾರು ಐದಡಿ. ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನ ಪೀಠದಲ್ಲೇ ಇದೆ. ಹಳೇ ಪದ್ಧತಿಯಲ್ಲಿ ಮೇಣದ ರೂಪಕ್ಕೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ.

ನೂರಡಿಗೆ ಇದು ಸಾಗದು. ಬೆಂಗಳೂರು ಏರ್‌ಪೋರ್ಟಿನಲ್ಲಿ 2022ರಲ್ಲಿ ನಿಂತ, ಶಿಲ್ಪಿ ರಾಮ್ ಸುತಾರ್ ರೂಪಿಸಿದ 108 ಅಡಿಯ ಕೆಂಪೇಗೌಡರಿಗೆ ಕಂಚು 98 ಟನ್, ಉಕ್ಕು 120 ಟನ್. ಕಂಚು ಹೊರಗಿನ ಚರ್ಮ ಮಾತ್ರ. ತುಂಡು ತುಂಡಾಗಿ ಎರಕ ಹೊಯ್ದು ಒಳಗಿನ ಉಕ್ಕಿನ ಚೌಕಟ್ಟಿಗೆ ಜೋಡಿಸುವುದು.

ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ಕಂಚಿಗೂ ಅಂಟದು, ಫೈಬರಿಗೂ ಅಂಟದು. ನಿಮ್ಮೂರ ಸರ್ಕಲ್ಲಿಗೆ ಪ್ರತಿಮೆ ಬರುವುದಾದರೆ ಕಂಚಿನ ತೂಕ, ದಪ್ಪ ಟೆಂಡರಿನಲ್ಲೇ ಇದೆಯಾ ನೋಡಿ. ಕಡಲ ಗಾಳಿಗೆ ಒಳಗಿನ ಉಕ್ಕು ತುಕ್ಕು ಹಿಡಿಯದಂತೆ ಏನು ಮಾಡುತ್ತಾರೆ ಅಂತಲೂ ಕೇಳಿ.