ಜ್ವರಮುಕ್ತಿಯೂ ಕ್ಲಮವೂ

ಮೈಯ ಬಿಸಿ ಇಳಿದೊಡನೆಯೇ ರೋಗಿಯು ಗುಣಹೊಂದಿದನೆಂದು ಎಣಿಸುವುದು ಲೋಕರೂಢಿ. ಪ್ರಾಚೀನ ವೈದ್ಯಗ್ರಂಥಗಳ ಮತವು ಹಾಗಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯದಲ್ಲಿ ಜ್ವರವನ್ನು ದೇಹ, ಇಂದ್ರಿಯ, ಮನಸ್ಸು ಈ ಮೂರನ್ನೂ ತಪಿಸುವ ವ್ಯಾಧಿಯೆಂದು ನಿರೂಪಿಸಿದೆ. ಆದಕಾರಣ ಜ್ವರಮುಕ್ತನ ಲಕ್ಷಣವನ್ನು ಹೇಳುವಾಗ ತಾಪವು ತೊಲಗಿದುದಷ್ಟೇ ಅಲ್ಲಿ ಸಾಲದು. ಕ್ಲಮವು ಕಳೆದಿರಬೇಕು, ವ್ಯಥೆಯು ಅಡಗಿರಬೇಕು, ಇಂದ್ರಿಯಗಳು ತಿಳಿಯಾಗಿರಬೇಕು, ಮನಸ್ಸು ತನ್ನ ಸಹಜಸ್ಥಿತಿಗೆ ಮರಳಿರಬೇಕು.

ಇಲ್ಲಿಯ 'ಕ್ಲಮ' ಶಬ್ದವು ವಿಚಾರಾರ್ಹವಾದುದು. ಇದನ್ನು ಕನ್ನಡದಲ್ಲಿ ಬಳಲಿಕೆಯೆಂದುಬಿಡುವುದುಂಟು. ಆದರೆ ಬಳಲಿಕೆಯು ಹೊಲವನ್ನು ಉತ್ತುಬಂದವನಿಗೂ ಸಲ್ಲುವ ಮಾತು. ಸುಶ್ರುತಸಂಹಿತೆಯ ಶಾರೀರಸ್ಥಾನವು ಕ್ಲಮವನ್ನು ಬೇರೆಯಾಗಿಯೇ ಲಕ್ಷಣೀಕರಿಸುತ್ತದೆ: ದುಡಿಮೆಯಿಲ್ಲದೆಯೇ ಮೈಯಲ್ಲಿ ಬೆಳೆಯುವ ದಣಿವು, ಏದುಸಿರಿಲ್ಲದುದು, ಇಂದ್ರಿಯಗಳು ತಮ್ಮ ವಿಷಯಗಳನ್ನು ಗ್ರಹಿಸುವುದಕ್ಕೆ ಅಡ್ಡಿಯಾಗುವುದು. ಅದೇ ಪ್ರಕರಣದಲ್ಲಿ ಆಲಸ್ಯದ ಲಕ್ಷಣವೂ ಇದೆ. ಶಕ್ತಿಯಿದ್ದೂ ಕಾರ್ಯದಲ್ಲಿ ಉತ್ಸಾಹವಿಲ್ಲದಿರುವುದು ಆಲಸ್ಯ. ಎರಡನ್ನೂ ಒಂದೇ ಎಡೆಯಲ್ಲಿಟ್ಟು ಬೇರ್ಪಡಿಸಿದ ಈ ವಿವೇಕವನ್ನು ಇತ್ತೀಚಿನವರೆಗೂ ಅನೇಕ ವಿದ್ಯಾವಂತರು ಮರೆತಿದ್ದರೆನ್ನಬೇಕು.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸೋಂಕಿನಂತೆ ತೋರಿದ ಕಾಯಿಲೆಯೊಂದು ಹಬ್ಬಿ, ಸುಮಾರು 300 ಜನರನ್ನು ಹಿಡಿಯಿತು. ಅವರಲ್ಲಿ ಬಹುತೇಕರು ಅಲ್ಲಿಯ ಸಿಬ್ಬಂದಿಯೇ. ಕೆಲವರ ಬಳಲಿಕೆಯು ಬಹುಕಾಲ ಹೋಗಲಿಲ್ಲ. 1970ರಲ್ಲಿ ಇಬ್ಬರು ಮನೋವೈದ್ಯರು, ರೋಗಿಗಳನ್ನು ಕಾಣದೆ ಕಾಗದಪತ್ರಗಳನ್ನು ಮಾತ್ರ ಪರಿಶೀಲಿಸಿ, ಇದು ಸಾಮೂಹಿಕ ಉನ್ಮಾದವೆಂದು ಬರೆದರು. ಶಕ್ತರೆಂದು ಭಾವಿಸಲ್ಪಟ್ಟ ಅಶಕ್ತರ ಪಾಡು ಅಂದಿನಿಂದ ಇನ್ನಷ್ಟು ಕಠಿಣವಾಯಿತು.

ಕೋವಿಡ್ ವ್ಯಾಧಿಯು ಈ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದಿತು. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡೋತ್ತರ ಸ್ಥಿತಿಗೆ ಲಕ್ಷಣವಾಕ್ಯವನ್ನು ರಚಿಸಿತು. ರೋಗಾರಂಭದಿಂದ ಸಾಮಾನ್ಯವಾಗಿ 3 ತಿಂಗಳ ಬಳಿಕ ಕಾಣುವ, ಕನಿಷ್ಠ 2 ತಿಂಗಳು ನಿಲ್ಲುವ ಬಾಧೆಗಳಲ್ಲಿ ದಣಿವು, ಉಸಿರಾಟದ ತೊಂದರೆ, ಬುದ್ಧಿವ್ಯಾಪಾರದ ಕುಂದು ಇವು ಪ್ರಧಾನವಾಗಿ ಎಣಿಸಲ್ಪಟ್ಟಿವೆ. ಆಂಗ್ಲರು ಕೊನೆಯದನ್ನು ಮಿದುಳಿನ ಮಂಜು ಎನ್ನುತ್ತಾರೆ. ಕನ್ನಡಿಗರಿಗೆ 'ಮಂಕು ಕವಿಯಿತು' ಎಂಬ ಮಾತು ಮೊದಲೇ ಇದೆ. ಓದುವವನಿಗೆ ಇದರ ಪೆಟ್ಟು ವಿಶೇಷವಾದುದು. ದೀರ್ಘವಾಕ್ಯದ ಕ್ರಿಯಾಪದವನ್ನು ಮುಟ್ಟುವಷ್ಟರಲ್ಲಿ ಕರ್ತೃಪದವು ಮರೆತುಹೋದರೆ ಅನ್ವಯವೆಲ್ಲಿಯದು? ಪಾಠ ಹೇಳುವವನು ತಿಳಿದ ಶಬ್ದಕ್ಕಾಗಿಯೇ ತಡವರಿಸುತ್ತಾನೆ. ನೋಡುವವರಿಗೆ ಗಾಯವಿಲ್ಲ, ಜ್ವರವಿಲ್ಲ. ಸೋಮಾರಿಯೆಂಬ ಹೆಸರು ಸುಲಭವಾಗಿ ಅಂಟುತ್ತದೆ. ಕೊನೆಗೆ ರೋಗಿಯೇ ತನ್ನನ್ನು ಶಂಕಿಸಿಕೊಳ್ಳುತ್ತಾನೆ. ದಣಿವಿಗಿಂತ ಈ ಶಂಕೆಯು ಬಾಳಿನ ನೆಮ್ಮದಿಯನ್ನು ಹೆಚ್ಚಾಗಿ ಕೆಡಿಸುತ್ತದೆಂದರೆ ಅತಿಶಯೋಕ್ತಿಯಾಗದು.

ಪ್ರಾಚೀನರು ವೈರಾಣುಗಳನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಸಾಹಸವಷ್ಟೆ. ಅವರು ರೋಗಿಯನ್ನು ಕಣ್ಣಿಟ್ಟು ನೋಡಿದ್ದರು ಎಂಬಷ್ಟು ಮಾತ್ರ ನಿಶ್ಚಿತ. ಬಲವು ಬರುವವರೆಗೆ ಜ್ವರಮುಕ್ತನು ವ್ಯಾಯಾಮ, ಸ್ನಾನ, ಅಲೆದಾಟ ಮೊದಲಾದವನ್ನು ವರ್ಜಿಸಬೇಕು, ಇಲ್ಲವಾದರೆ ಜ್ವರವು ಮರುಕಳಿಸುವುದೆಂದು ಚರಕವು ವಿಧಿಸುತ್ತದೆ. ಇಂದಿನ ವೈದ್ಯರು ಗುರುತಿಸಿರುವುದು ಇದಕ್ಕಿಂತ ಭಿನ್ನವಾದರೂ ದೂರದ್ದಲ್ಲ: ಇಂಥ ರೋಗಿಗಳಲ್ಲಿ ಅನೇಕರಿಗೆ ಅಲ್ಪ ಶ್ರಮದಿಂದಲೂ, ಅದು ಓದಿನ ಶ್ರಮವೇ ಆಗಿರಲಿ, ಮರುದಿನವೋ ಅದರಾಚೆಗೋ ಬಾಧೆಗಳೆಲ್ಲ ಉಲ್ಬಣಿಸುತ್ತವೆ. ದಿನದಿನಕ್ಕೆ ವ್ಯಾಯಾಮವನ್ನು ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯು ಇಂಗ್ಲೆಂಡಿನಲ್ಲಿ ಬಹುಕಾಲ ನಡೆದಿತ್ತು. ದೀರ್ಘಕಾಲಿಕ ಬಳಲಿಕೆಯ ರೋಗಿಗಳಿಗೆ ಅದನ್ನು ವಿಧಿಸಕೂಡದೆಂದು ಅಲ್ಲಿಯ ಅಧಿಕೃತ ಮಾರ್ಗಸೂಚಿಯು 2021ರಲ್ಲಿ ತಿದ್ದಲ್ಪಟ್ಟಿತು. ಚರಕವಾದರೋ ಇಂತಿಷ್ಟು ದಿನವೆಂದು ಅವಧಿಯನ್ನು ಗೊತ್ತುಮಾಡಿಲ್ಲ. ಅಲ್ಲಿ ಗಡುವು ಬಲವು ಬರುವವರೆಗೆ.